ಸುದ್ದಿಯಿಲ್ಲದ ಹಲ್ಲು

ಹಲ್ಲು ಕಟ್ಟುವ ನಮ್ಮ ಅಂಗಡಿಯಲ್ಲಿ ಹಲ್ಲಿನ ಸೆಟ್ಟಿಗೆ ಹೆಸರಿಲ್ಲ, ನಂಬರ್ ಇದೆ. ಇದು ನಮ್ಮ ಯಜಮಾನರು ಇಪ್ಪತ್ತೆರಡು ವರ್ಷದ ಹಿಂದೆ ಮಾಡಿದ ಕಾನೂನು. ಅದಕ್ಕೂ ಮುಂಚೆ ಸಿದ್ಧವಾದ ಹಲ್ಲುಗಳನ್ನು ಡಬ್ಬಿಯಲ್ಲಿಟ್ಟು, ಮೇಲೆ ಗಿರಾಕಿಯ ಹೆಸರು ಬರೆದು ಕಪಾಟಿನಲ್ಲಿ ಜೋಡಿಸುತ್ತಿದ್ದರಂತೆ. ಒಂದು ದಿನ ತನ್ನ ಡಬ್ಬಿಗೆ ಕಾಯುತ್ತ ನಿಂತಿದ್ದ ಒಬ್ಬಾಕೆ ಪಕ್ಕದ ಡಬ್ಬಿಯ ಮೇಲೆ ತನ್ನ ಓರಗಿತ್ತಿಯ ಹೆಸರನ್ನು ಓದಿಬಿಟ್ಟಳು. ಸಂಜೆಯೊಳಗೆ ಇಡೀ ಬಳಗಕ್ಕೆ ಸುದ್ದಿ ಮುಟ್ಟಿತು. ಮರುದಿನ ಓರಗಿತ್ತಿ ಬಂದು, ಹೊಸ ಹಲ್ಲನ್ನು ಹಾಕಿಕೊಂಡೇ, ಬಾಗಿಲಲ್ಲಿ ನಿಂತು ಯಜಮಾನರಿಗೆ ಮಂಗಳಾರತಿ ಮಾಡಿದಳು. ಅಷ್ಟು ಬೈದರೂ ಸೆಟ್ಟು ಒಂಚೂರೂ ಅಲುಗಲಿಲ್ಲ ಎಂದು ಯಜಮಾನರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂದಿನಿಂದ ಡಬ್ಬಿಯ ಮೇಲೆ ನಂಬರ್ ಮಾತ್ರ. ಯಾವ ನಂಬರ್ ಯಾರದು ಎನ್ನುವುದು ಗಿರಾಕಿಯ ಕೈಯಲ್ಲಿರುವ ಚೀಟಿಗೆ ಗೊತ್ತು, ನನ್ನ ಮೇಜಿನ ಮೇಲಿನ ಕಂಪ್ಯೂಟರಿಗೆ ಗೊತ್ತು.

ಆ ಮೇಜಿನವಳು ನಾನು. ಫೋನ್ ಎತ್ತುವುದು, ಚೀಟಿ ಕೊಡುವುದು, ಜಗಳ ಕೇಳಿಸಿಕೊಳ್ಳುವುದು ನನ್ನ ಕೆಲಸ. ವಯಸ್ಸು ಐವತ್ತಾರು, ಕೋಪ ಮೂಗಿನ ತುದಿಯಲ್ಲಿ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ. ಕಾರಣ ಕೇಳಬೇಡಿ.

ಯಜಮಾನರ ಇನ್ನೊಂದು ಕಾನೂನನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲ ರಾಮಾಯಣ ಶುರುವಾದದ್ದು ಅಲ್ಲಿಂದಲೇ. ಕಂಪ್ಯೂಟರಿನ ಫಾರಮ್ಮಿನಲ್ಲಿ ‘ಸ್ಥಿತಿ’ ಎಂದು ಒಂದು ಚೌಕ ಇದೆ. ಹಲ್ಲು ಕೊಟ್ಟರೆ ಅಲ್ಲಿ ‘ಕೊಟ್ಟಾಯಿತು’ ಎಂದು ಹಾಕಬೇಕು, ತಕರಾರು ಮಾಡಿ ತಂದುಕೊಟ್ಟರೆ ‘ವಾಪಸ್ಸು’ ಎಂದು ಹಾಕಬೇಕು. ಗಿರಾಕಿ ನಮ್ಮ ಕಣ್ಣೆದುರೇ ಹಲ್ಲು ಹಾಕಿಕೊಂಡು, ಒಂದು ಗಟ್ಟಿ ಬಿಸ್ಕತ್ತು ಕಡಿದು ತೋರಿಸುವ ತನಕ ಅಲ್ಲಿ ಒಂದಕ್ಷರವನ್ನೂ ಬರೆಯುವಂತಿಲ್ಲ. “ಮೊದಲು ಬಾಯಲ್ಲಿ ಕೂರಲಿ, ಆಮೇಲೆ ಲೆಕ್ಕದಲ್ಲಿ ಕೂರಿಸು” ಎನ್ನುವುದು ಯಜಮಾನರ ಮಾತು. ಹಾಗಾಗಿ ಕಪಾಟಿನಲ್ಲಿ ಕಾಯುತ್ತಿರುವ ಎಲ್ಲ ಹಲ್ಲುಗಳ ಸ್ಥಿತಿಯೂ ಖಾಲಿ.

ಈ ಫಾರಮ್ಮು ಮಾಡಿಕೊಟ್ಟವರು ಯಜಮಾನರ ಅಳಿಯಂದಿರು. ಅವರ ಉದ್ಯೋಗ ನೆಲಕ್ಕೆ ಹಾಸುವ ಟೈಲ್ಸ್ ಮಾರುವುದು. ಕಂಪ್ಯೂಟರನ್ನು ವಿಡಿಯೋ ನೋಡಿ ಕಲಿತವರು, ನಡುವೆ ಜಾಹೀರಾತು ಬಂದಾಗ ಎದ್ದು ಹೋಗಿರಬೇಕು ಎಂದು ನನ್ನ ಅನುಮಾನ. ಕೊಟ್ಟುಮುಗಿದ ನಾಲ್ಕು ಸಾವಿರ ಹಲ್ಲುಗಳೂ ಪರದೆಯ ಮೇಲೆ ಬರುತ್ತವೆ, ಕಣ್ಣು ನೋಯುತ್ತದೆ ಎಂದು ಯಜಮಾನರು ಗೊಣಗಿದ್ದಕ್ಕೆ, ಹಿಂದಿನ ಭಾನುವಾರ ಅಳಿಯಂದಿರು ಬಂದು ಅರ್ಧ ಗಂಟೆ ಟಕಟಕ ಒತ್ತಿ, “ಇನ್ಮೇಲೆ ಕೊಡಬೇಕಾದ್ದು ಮಾತ್ರ ಕಾಣುತ್ತೆ ಮಾವ” ಎಂದು ಕೈ ಒರೆಸಿಕೊಂಡು ಹೋದರು. ಆ ವಾರವಿಡೀ ಬಂದವರೆಲ್ಲ ಚೀಟಿ ಹಿಡಿದೇ ಬಂದರು. ನಾನು ಚೀಟಿ ನೋಡಿ ಡಬ್ಬಿ ಕೊಟ್ಟು, ಕೊಟ್ಟಾಯಿತು ಎಂದು ಬರೆಯುವ ಕೆಲಸವನ್ನು ಶನಿವಾರಕ್ಕೆ ಗುಡ್ಡೆ ಹಾಕಿಕೊಂಡಿದ್ದೆ. ಕಂಪ್ಯೂಟರನ್ನು ಕೇಳುವ ಪ್ರಸಂಗವೇ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಆಕೆ ಬಂದರು. ಎಪ್ಪತ್ತು ದಾಟಿದ ಹೆಂಗಸು, ಇಸ್ತ್ರಿ ಮಾಡಿದ ಬಟ್ಟೆ, ಬಾಚಿದ ತಲೆ, ಬಾಯಿ ಮಾತ್ರ ಒಳಗೆ ಮಡಚಿಕೊಂಡಿತ್ತು. ಹಳೆಯ ಸೆಟ್ಟು ಬೆಳಿಗ್ಗೆ ಕೈಜಾರಿ ಸಿಂಕಿಗೆ ಬಿದ್ದು ಎರಡು ಹೋಳಾಗಿತ್ತು. ಹೊಸದು ನಮ್ಮಲ್ಲಿ ಹದಿನೈದು ದಿನದಿಂದ ಸಿದ್ಧವಾಗಿತ್ತು. ಚೀಟಿ ಎಲ್ಲಿ ಎಂದರೆ ಅಂಗೈ ಬಿಚ್ಚಿ ತೋರಿಸಿದರು. ಬಟ್ಟೆಯ ಜೊತೆ ಒಗೆದುಹೋಗಿ ಉಂಡೆಯಾದ ಕಾಗದ. ಅವರು ಆಡುವ ಮಾತಿನಲ್ಲಿ ಅರ್ಧ ಗಾಳಿ, ಅರ್ಧ ಸನ್ನೆ. ಇಲ್ಲಿ ಬರೆಯುವಾಗ ನಾನೇ ಹಲ್ಲು ಹಾಕಿ ಬರೆಯುತ್ತಿದ್ದೇನೆ.

“ಸಾಯಂಕಾಲ ಐದೂ ಹತ್ತಕ್ಕೆ ನಾನು ಮಾತಾಡ್ಬೇಕು ತಾಯಿ. ಐದಕ್ಕೆ ಅಲ್ಲಿರ್ಬೇಕು.”

“ಎಲ್ಲಮ್ಮ?”

“ಹಳೇ ಸ್ಟೇಷನ್ನಲ್ಲಿ. ಇವತ್ತೇ ಕೊನೆ. ನಾಳೆಯಿಂದ ಗಾಡಿಗಳೆಲ್ಲ ಹೊಸ ಸ್ಟೇಷನ್ನಿಗೆ. ಮೂವತ್ತೊಂದು ವರ್ಷ ಅಲ್ಲಿ ಮೈಕಲ್ಲಿ ಗಾಡಿ ಕೂಗಿದೋಳು ನಾನು. ಕೊನೇ ಗಾಡಿನೂ ನೀವೇ ಕೂಗ್ಬೇಕು ಅಂತ ಕರೆದಿದಾರೆ. ಆಗ್ದಿದ್ರೆ ರೆಕಾರ್ಡು ಹಾಕ್ತಾರಂತೆ. ಮೆಷಿನ್ನಿನ ದನಿ!”

ಆ ಸ್ಟೇಷನ್ನಿನ ದನಿಯನ್ನು ನಾನು ಬಲ್ಲೆ. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಎಂಟೂ ಇಪ್ಪತ್ತರ ಗಾಡಿ ಹಿಡಿದವಳು ನಾನು. ಗಾಜಿನ ಲೋಟಕ್ಕೆ ಚಮಚ ತಾಗಿಸಿದಂಥ ಸ್ಪಷ್ಟ ದನಿ ಅದು. ಈ ಗೊಜಗೊಜ ಬಾಯಿಂದ ಅದು ಬರುತ್ತಿತ್ತು ಎಂದರೆ ನಾನು ನಂಬಲಿಲ್ಲ. ಆದರೂ ವಯಸ್ಸಾದವರೊಡನೆ ವಾದವೇಕೆ ಎಂದು ಫಾರಮ್ಮು ತೆರೆದು ಅವರ ಹೆಸರು ಹಾಕಿ ಹುಡುಕಿದೆ.

‘ಅಂಥವರು ಯಾರೂ ಇಲ್ಲ’ ಎಂದು ಪರದೆ ಹೇಳಿತು. ಈ ವಾಕ್ಯವನ್ನು ಬರೆದವರೂ ಅಳಿಯಂದಿರೇ.

ಆಕೆ ಕನ್ನಡಕ ಏರಿಸಿ ಬಗ್ಗಿ ಓದಿದರು. “ನಾನು ಇಲ್ವಾ?”

“ಇದೀರಮ್ಮ, ಕೂತ್ಕೊಳ್ಳಿ” ಎಂದೆ. ಫೋನ್ ನಂಬರ್ ಹಾಕಿದೆ, ಮನೆ ನಂಬರ್ ಹಾಕಿದೆ, ಹೆಸರಿನ ಮೊದಲ ಅಕ್ಷರವೊಂದನ್ನೇ ಹಾಕಿದೆ. ಇಲ್ಲ, ಇಲ್ಲ, ಇಲ್ಲ. ಹುಡುಕುವುದನ್ನು ಬಿಟ್ಟು ಪೂರ್ತಿ ಪಟ್ಟಿ ನೋಡೋಣವೆಂದರೆ ಏಳೇ ಏಳು ಹೆಸರು. ಕಪಾಟಿನಲ್ಲಿ ಇನ್ನೂರಕ್ಕೂ ಹೆಚ್ಚು ಡಬ್ಬಿ, ಪರದೆಯಲ್ಲಿ ಏಳು ಜನ! ಅದೂ ಎಂಥ ಏಳು? ಅಗಿಯುವಾಗ ಟಕ್ ಟಕ್ ಎನ್ನುತ್ತದೆ ಎಂದು ಮೂರು ಸಲ ವಾಪಸ್ಸು ತಂದವರು, ತುಂಬಾ ಬೆಳ್ಳಗಾಯಿತು ಎಂದವರು, ಹಾಕಿಕೊಂಡರೆ ಹೆಂಡತಿ ನಗುತ್ತಾಳೆ ಎಂದವರು. ಊರಿನ ಜಗಳಗಂಟರನ್ನೆಲ್ಲ ಆರಿಸಿ ಆರಿಸಿ ಕೂರಿಸಿದ ಹಾಗಿತ್ತು. ಕಂಪ್ಯೂಟರಿಗೂ ಗಲಾಟೆ ಮಾಡುವವರೇ ಕಾಣುವುದು ಎಂದು ನನಗೆ ಮೈ ಉರಿದುಹೋಯಿತು.

ಅಳಿಯಂದಿರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

“ಆಫ್ ಮಾಡಿ ಆನ್ ಮಾಡಿ ಅಕ್ಕ.”

ಮಾಡಿದೆ. ಐದು ನಿಮಿಷ ಹೋಯಿತು, ಏಳು ಜನ ಮಾತ್ರ ಕದಲಲಿಲ್ಲ.

“ನೀವು ಹೆಸರನ್ನ ತಪ್ಪು ಹೊಡೆದಿರ್ತೀರಿ.”

“ಇನ್ನೂರು ಜನರ ಹೆಸರನ್ನೂ ತಪ್ಪು ಹೊಡೆದಿದೀನಾ?”

“ಹಾಗಾದ್ರೆ ಕೆಳಗೆ ನೋಡಿ, ಫಿಲ್ಟರ್ ಅಂತ ಒಂದು ಗುಂಡಿ ಇದೆ. ಅದು ಆನ್ ಆಗಿದ್ರೆ ಕೆಲವರು ಮಾತ್ರ ಕಾಣ್ತಾರೆ. ಅದನ್ನ ತೆಗೀರಿ.”

ನೋಡಿದೆ. ಗುಂಡಿ ಬೂದು ಬಣ್ಣಕ್ಕೆ ತಿರುಗಿ ಮಲಗಿತ್ತು. ಒತ್ತಿದರೂ ಏಳಲಿಲ್ಲ. ‘ಫಿಲ್ಟರ್ ಇಲ್ಲ’ ಎಂದು ಪಕ್ಕದಲ್ಲೇ ಬರೆದಿತ್ತು.

“ಫಿಲ್ಟರ್ ಇಲ್ಲ ಅಂತ ಇದೆ.”

“ಮತ್ತೆ ಫಿಲ್ಟರ್ ಇಲ್ಲ.”

“ಹಂಗಾದ್ರೆ ಉಳಿದೋರು ಎಲ್ಲಿಗೆ ಹೋದ್ರು?”

ಆ ಕಡೆ ಟೈಲ್ಸ್ ಇಳಿಸುವ ಸದ್ದು. ಆಮೇಲೆ ಮೆಲ್ಲಗೆ, “ಭಾನುವಾರ ನಾನು ಹಾಕಿದ್ದು ಆ ಗುಂಡಿಯ ಫಿಲ್ಟರ್ ಅಲ್ಲ ಅಕ್ಕ. ಅದನ್ನ ಯಾರು ಬೇಕಾದ್ರೂ ತೆಗೆದುಬಿಡ್ತಾರೆ ಅಂತ, ಫಾರಮ್ಮಿನ ಬೇರಲ್ಲೇ ಒಂದು ಷರತ್ತು ಕೂರಿಸಿದೀನಿ. ಅದು ಫಿಲ್ಟರ್ ಅಲ್ಲ, ಷರತ್ತು.”

“ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು” ಎಂದೆ. ಅಂದ ಮೇಲೆ ಹಿಂದೆ ನೋಡಿದರೆ ಯಜಮಾನರು ನಿಂತಿದ್ದರು. ಅವರ ಮುಖ ಅಲುಗಲಿಲ್ಲ, ಮೀಸೆ ಮಾತ್ರ ಸ್ವಲ್ಪ ಅಲುಗಿತು.

ಗಂಟೆ ಮೂರೂವರೆ. ಸ್ಟೇಷನ್ನು ಇಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಆಕೆ ಚೀಲದಿಂದ ಮಡಚಿದ ಹಾಳೆಯೊಂದನ್ನು ತೆಗೆದು ತಾನು ಹೇಳಬೇಕಾದ್ದನ್ನು ತುಟಿ ಅಲುಗಿಸುತ್ತ ಓದಿಕೊಳ್ಳುತ್ತಿದ್ದರು. ಫೂ ಫೂ ಎಂದು ಗಾಳಿ ಬರುತ್ತಿತ್ತೇ ಹೊರತು ಅಕ್ಷರ ಬರುತ್ತಿರಲಿಲ್ಲ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ಇಲ್ಲಿ ಎರಡೂ ಇದ್ದವು, ನಡುವೆ ಅಳಿಯಂದಿರು ಇದ್ದರು.

“ಇದಕ್ಕೆಲ್ಲ ಕಂಪ್ಯೂಟರ್ ಯಾಕೆ?” ಎಂದರು ಯಜಮಾನರು. ಅವರಿಗೆ ಮುಖ ನೆನಪಿರುವುದಿಲ್ಲ, ಬಾಯಿ ನೆನಪಿರುತ್ತದೆ. “ಬಾಯಿ ತೆಗೀರಮ್ಮ.” ಟಾರ್ಚ್ ಬಿಟ್ಟು ಮೇಲಿನ ವಸಡು ನೋಡಿದರು, ಕೆಳಗಿನದು ನೋಡಿದರು, ಹೂಂಗುಟ್ಟಿದರು, ಕಪಾಟಿನ ಕಡೆ ನಡೆದರು. ಒಂದೊಂದೇ ಡಬ್ಬಿ ತೆಗೆದು ಬೆಳಕಿಗೆ ಹಿಡಿಯುತ್ತ, “ಇದಲ್ಲ, ಇದಲ್ಲ, ಇದು ಪಾಪ ಬೇರೆ ಯಾರದೋ” ಎಂದು ಸಾಗಿದರು. ನಾನು ಮತ್ತೆ ಏಳು ಜನರ ಕಡೆ ತಿರುಗಿದೆ.

“ಷರತ್ತು ಏನಂತ ಹಾಕಿದೀರಿ ಅಳಿಯಂದಿರೇ?”

“ಸ್ಥಿತಿ ಕೊಟ್ಟಾಯಿತು ಅಂತ ಇರಬಾರದು, ಅಷ್ಟೇ. ಕೊಟ್ಟಿದ್ದು ಬಿಟ್ಟು ಉಳಿದಿದ್ದೆಲ್ಲ ಕಾಣ್ಬೇಕು. ಸಿಂಪಲ್ಲು. ನಿಮ್ಮ ಕಂಪ್ಯೂಟರೇ ಹಳೇದಾಯ್ತು.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಷರತ್ತಿನಲ್ಲಿ ತಪ್ಪು ಹುಡುಕಲು ನನ್ನಿಂದಲೂ ಆಗಲಿಲ್ಲ. ಈ ಅಮ್ಮನ ಹಲ್ಲು ಕೊಟ್ಟಿಲ್ಲ, ಅಂದ ಮೇಲೆ ಕಾಣಬೇಕು. ಕಾಣುತ್ತಿಲ್ಲ. ಆಗ ಆಕೆ ಹಾಳೆ ಮಡಚಿ, ಕುರ್ಚಿಯನ್ನು ನನ್ನ ಮೇಜಿನ ಪಕ್ಕಕ್ಕೆ ಎಳೆದುಕೊಂಡರು.

“ನನ್ನ ಹಲ್ಲು ಕೊಟ್ಟಾಯ್ತು ಅಂತ ಬರ್ದಿದೀರಾ?”

“ಇಲ್ಲಮ್ಮ.”

“ಕೊಟ್ಟಿಲ್ಲ ಅಂತ ಬರ್ದಿದೀರಾ?”

“ಅದೂ ಇಲ್ಲ. ಬಿಸ್ಕತ್ತು ಕಡಿಯೋ ತನಕ ಏನೂ ಬರೆಯಲ್ಲ, ಖಾಲಿ ಬಿಡ್ತೀವಿ.”

“ಈ ಏಳು ಜನಕ್ಕೆ?”

“ಅವರಿಗೆ ವಾಪಸ್ಸು ಅಂತ ಬರ್ದಿದೆ.” ಹೇಳುತ್ತಿದ್ದ ಹಾಗೇ ನನ್ನ ಬಾಯಿ ತೆರೆದುಕೊಂಡಿತು. ಕೈ ಅಡ್ಡ ಹಿಡಿದೆ.

“ನಂಗೂ ಒಂದ್ಸಲ ಹೀಗೇ ಆಗಿತ್ತು” ಎಂದರು ಆಕೆ. “ಬಂದ ಗಾಡಿಗೆ ಒಂದು ಬೋರ್ಡು, ತಡ ಅಂತ ತಿಳಿಸಿದ ಗಾಡಿಗೆ ಒಂದು ಬೋರ್ಡು. ಒಂದು ದಿನ ಒಂದು ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿದೆಯೋ ಇಲ್ವೋ, ಯಾರೂ ತಿಳಿಸ್ಲೇ ಇಲ್ಲ. ಬಂತು ಅನ್ನೋಕಾಗಲ್ಲ, ತಡ ಅನ್ನೋಕೂ ಆಗಲ್ಲ. ಎರಡು ಬೋರ್ಡಲ್ಲೂ ಹಾಕ್ಲಿಲ್ಲ. ಜನ ನೋಡಿದ್ರು, ಗಾಡಿನೇ ಇಲ್ಲ ಅಂದ್ಕೊಂಡು ಮನೆಗೆ ಹೋದ್ರು. ಹತ್ತು ನಿಮಿಷಕ್ಕೆ ಗಾಡಿ ಬಂತು, ಹತ್ತೋಕೆ ಒಬ್ರೂ ಇಲ್ಲ! ಆಮೇಲೆ ನಾನು ಮೂರನೇ ಬೋರ್ಡು ಬರೆಸ್ದೆ. ‘ಸುದ್ದಿಯಿಲ್ಲದ ಗಾಡಿಗಳು’ ಅಂತ. ನಿಮ್ ಕಂಪ್ಯೂಟರಿಗೆ ಆ ಬೋರ್ಡಿಲ್ಲ ತಾಯಿ. ನನ್ ಹಲ್ಲು ಸುದ್ದಿಯಿಲ್ಲದ ಗಾಡಿ.”

ಮೌನ ಸಮ್ಮತಿಯ ಲಕ್ಷಣ ಎಂದರು ಹಿರಿಯರು. ಮೌನ ಅಂದರೆ ಇಲ್ಲ ಎಂದುಕೊಂಡರು ನಮ್ಮ ಅಳಿಯಂದಿರು. ಕಂಪ್ಯೂಟರು ಇಬ್ಬರ ಮಾತನ್ನೂ ಕೇಳಲಿಲ್ಲ. ಏನೂ ಹೇಳದವರ ಬಗ್ಗೆ ಅದು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದಿಲ್ಲ, ಸುಮ್ಮನೆ ಹೊರಗೆ ನಿಲ್ಲಿಸುತ್ತದೆ. ಇಷ್ಟನ್ನು ಹಲ್ಲಿಲ್ಲದ ಬಾಯಿ ಎರಡು ನಿಮಿಷದಲ್ಲಿ ಹೇಳಿತು. ಫೋನಿನಲ್ಲಿದ್ದ ಮೂವತ್ತೆರಡು ಹಲ್ಲಿನ ಬಾಯಿಗೆ ಅದು ತೋಚಿರಲಿಲ್ಲ.

“ಖಾಲಿ ಅಂದ್ರೆ ಕೊಟ್ಟಿಲ್ಲ ಅಂತ ತಾನೇ ಅಕ್ಕ?” ಎಂದಿತು ಫೋನು.

“ನಿಮಗೆ, ನನಗೆ. ಅದಕ್ಕಲ್ಲ. ಷರತ್ತು ಎಲ್ಲಿದೆ ಹೇಳಿ, ಖಾಲಿ ಇದ್ದೋರನ್ನೂ ಒಳಗೆ ಬಿಡೋ ಹಾಗೆ ಮಾಡ್ತೀನಿ.”

“ಅದಕ್ಕೆ ಬೀಗ ಹಾಕಿದೀನಿ. ಪಾಸ್‌ವರ್ಡ್ ಇದೆ. ಸಂಜೆ ಬಂದು ನಾನೇ...”

“ಸಂಜೆ ಹಲ್ಲು ಯಾರಿಗೆ ಬೇಕು? ಈಗ ಹೇಳಿ!”

“ಸ್ಪೀಕರ್ ಆಫ್ ಮಾಡ್ತೀರಾ?”

“ಅದೂ ಕೆಟ್ಟಿದೆ” ಎಂದೆ. ಕೆಟ್ಟಿರಲಿಲ್ಲ.

ಅಳಿಯಂದಿರು ಗಂಟಲು ಸರಿಮಾಡಿಕೊಂಡರು. “ಎಲ್ಲಾ ಸಣ್ಣ ಅಕ್ಷರ. ಮೊಂಡುಮಾವ. ಕೊನೇಲಿ ಒಂದು, ಎರಡು, ಮೂರು.”

ಕಪಾಟಿನ ಹತ್ತಿರ ಡಬ್ಬಿಗಳ ಸದ್ದು ನಿಂತಿತು. “ಸಣ್ಣ ಅಕ್ಷರದಲ್ಲಾದ್ರೂ ಬರೆದಿದಾರಲ್ಲ, ಅಷ್ಟಾದ್ರೂ ಮರ್ಯಾದೆ ಇದೆ” ಎಂದು ಯಜಮಾನರು ಮುಂದಿನ ಡಬ್ಬಿ ತೆಗೆದರು.

ಬೀಗ ಬಿಟ್ಟಿತು. ಷರತ್ತಿನ ಕೆಳಗೆ ‘ಅಥವಾ’ ಎಂದು ಇನ್ನೊಂದು ಸಾಲು ಸಿಕ್ಕಿತು. ಅಲ್ಲಿ ನಾನು ‘ಖಾಲಿ’ ಎಂದು ಬರೆದು, ಉಳಿಸಿ, ಫಾರಮ್ಮು ತೆರೆದೆ. ಅದೇ ಏಳು ಜನ! ಸ್ಥಿತಿಯಲ್ಲಿ ‘ಖಾಲಿ’ ಎಂಬ ಪದ ಬರೆದಿರುವವರು ಯಾರಾದರೂ ಇದ್ದಾರೋ ಎಂದು ಹುಡುಕಿ ಬರಿಗೈಲಿ ಬಂದಿತ್ತು ಆ ಯಂತ್ರ. ನಾಲ್ಕೂ ಹದಿನೈದು.

ಅದೇ ಹೊತ್ತಿಗೆ ಯಜಮಾನರು ಎಂಬತ್ತೆಂಟನೇ ನಂಬರಿನ ಡಬ್ಬಿ ಹಿಡಿದು ಬಂದರು. “ಇದೇ. ನನ್ನ ಕೈಯ ಕೆಲಸ ನಂಗೆ ಗೊತ್ತಾಗಲ್ವಾ? ಆಣೆ ಮಾಡಿ ಹೇಳ್ತೀನಿ.”

ಆಕೆ ಕೈ ಚಾಚಿದರು. “ಕೊಡಿ, ಕೊಡಿ, ಹೊತ್ತಾಯ್ತು.”

“ಬೇಡ” ಎಂದು ನಾನು ಅವರ ಕೈ ಹಿಡಿದುಕೊಂಡೆ. ಇಷ್ಟು ವರ್ಷದ ಅಂಗಡಿಯಲ್ಲಿ ಒಬ್ಬರ ಹಲ್ಲು ಇನ್ನೊಬ್ಬರ ಬಾಯಿಗೆ ಹೋದದ್ದಿಲ್ಲ. “ಐದೇ ನಿಮಿಷ ಕೊಡಿ ಅಮ್ಮ.”

“ನಿಮಗೆ ಹೇಗೆ ತಿಳೀಬೇಕು ತಾಯಿ? ಬೆಳಿಗ್ಗೆಯಿಂದ ಆ ಒಂದು ಸಾಲನ್ನ ನೂರು ಸಲ ಓದಿದೀನಿ” ಎಂದರು. ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಅಳಿಯಂದಿರ ಮೇಲಿದ್ದ ಕೋಪವೆಲ್ಲ ಭಯವಾಗಿ ತಿರುಗಿತು.

“ಖಾಲಿ ಅಂತ ಬರೆದ್ರೆ ತಿಳಿಯಲ್ಲ ಅದಕ್ಕೆ” ಎಂದು ಫೋನು ಈಗ ವಿನಯದಿಂದ ಮಾತಾಡಿತು. “ಈಸ್ ನಲ್ ಅಂತ ಎರಡು ಇಂಗ್ಲಿಷ್ ಪದ ಹೊಡೀರಿ. ಏನೂ ಬರೆದೇ ಇಲ್ಲ ಅಂತ ಅರ್ಥ. ಸುತ್ತ ಉದ್ಧರಣ ಚಿಹ್ನೆ ಹಾಕ್ಬೇಡಿ, ಹಾಕಿದ್ರೆ ಮತ್ತೆ ಆ ಪದಾನೇ ಹುಡುಕುತ್ತೆ.”

ಅಕ್ಷರ ಅಕ್ಷರ ಕೇಳಿ ಹೊಡೆದೆ. ಉಳಿಸಿದೆ. ತೆರೆದೆ.

ಪರದೆ ಒಂದು ಕ್ಷಣ ಬೆಳ್ಳಗಾಯಿತು. ಆಮೇಲೆ ಹೆಸರುಗಳು ದಬದಬ ಬಂದು ಬಿದ್ದವು. ಇನ್ನೂರ ಹತ್ತೊಂಬತ್ತು ಜನ. ಆ ಏಳು ಜನ ಬಿಟ್ಟರೆ ಉಳಿದವರೆಲ್ಲ ಇಷ್ಟು ದಿನ ತಕರಾರು ಮಾಡದೆ, ಸದ್ದು ಮಾಡದೆ ಬಾಗಿಲ ಹೊರಗೆ ನಿಂತಿದ್ದವರು. ಅವರ ನಡುವೆ ಈ ಅಮ್ಮನ ಹೆಸರು, ಡಬ್ಬಿ ನಂಬರ್ ನೂರ ನಲವತ್ತಮೂರು. ಇನ್ನೂ ಕೆಳಗೆ ನನಗೆ ಚೆನ್ನಾಗಿ ಗೊತ್ತಿರುವ ಒಂದು ಹೆಸರೂ ಇತ್ತು. ಆಕೆ ಪರದೆ ನೋಡುತ್ತಿದ್ದರು, ನಾನು ಸರಕ್ಕನೆ ಮೇಲಕ್ಕೆ ಸರಿಸಿದೆ. ಎಂಬತ್ತೆಂಟು ಯಾರದೆಂದು ಕಾನೂನಿನ ಪ್ರಕಾರ ಹೇಳುವಂತಿಲ್ಲ. ಒಬ್ಬ ಬಸ್ ಕಂಡಕ್ಟರದು ಎಂದಷ್ಟೇ ಹೇಳುತ್ತೇನೆ. ಯಜಮಾನರು ಆ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಕಪಾಟಿನ ಕಡೆ ಹೋದರು.

ನೂರ ನಲವತ್ತಮೂರು ಬಾಯಿಗೆ ಹೋಯಿತು. ಆಕೆ ಒಮ್ಮೆ ಕಚ್ಚಿದರು, ಒಮ್ಮೆ ನಾಲಿಗೆ ಸುತ್ತಿಸಿದರು. ಮಡಚಿಕೊಂಡಿದ್ದ ಮುಖ ಬಿಚ್ಚಿಕೊಂಡಿತು. ಯಜಮಾನರು ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದರೆ ಆಕೆ ತಲೆಯಾಡಿಸಿ ಎದ್ದರು. ನಾನು ಗಾಬರಿಯಿಂದ ಅವರ ಚೀಲ, ಹಾಳೆ, ನನ್ನ ಚಪ್ಪಲಿ ಎಂದು ಅತ್ತಿತ್ತ ಓಡುತ್ತಿದ್ದೆ.

“ಓಡಬೇಡಿ. ಇನ್ನೂ ಎರಡು ನಿಮಿಷ ಇದೆ.”

ನಿಂತಲ್ಲೇ ನಿಂತೆ. ಅದೇ ದನಿ. ವರ್ಷಗಟ್ಟಲೆ ಬೆಳಿಗ್ಗೆ ಬೆಳಿಗ್ಗೆ, ನಾನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಾಗ ಮೈಕಿನಿಂದ ಬರುತ್ತಿದ್ದ ಅದೇ ಮಾತು. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಟ್ಯಾಕ್ಸಿಯಲ್ಲಿ ಮೂವರೂ ಹೋದೆವು. ಬಾಗಿಲಿಗೆ ‘ಈಗ ಬರುತ್ತೇವೆ’ ಎಂಬ ಹಲಗೆ ಹಾಕಿದ್ದು ಅಂಗಡಿಯ ಚರಿತ್ರೆಯಲ್ಲೇ ಮೊದಲು. ಐದಕ್ಕೆ ಮೂರು ನಿಮಿಷವಿರುವಾಗ ಆಕೆ ಮೈಕಿನ ಕೋಣೆಗೆ ಹೋದರು. ಪ್ಲಾಟ್‌ಫಾರಮ್ಮಿನಲ್ಲಿ ನೂರಿನ್ನೂರು ಜನರಿದ್ದರು, ಹೆಚ್ಚಿನವರು ಹಳಬರು. ಐದೂ ಹತ್ತಕ್ಕೆ ದನಿ ಬಂತು. ಪ್ರಯಾಣಿಕರೇ, ದಯವಿಟ್ಟು ಗಮನಿಸಿ. ಕೊನೆಯ ಗಾಡಿ, ಎರಡನೇ ಪ್ಲಾಟ್‌ಫಾರಂ, ಹೋಗುವ ಊರುಗಳು ಒಂದೊಂದಾಗಿ. ಒಂದು ಅಕ್ಷರವೂ ಜಾರಲಿಲ್ಲ. ಯಜಮಾನರು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತ, “ಕೂತಿದೆ, ಕೂತಿದೆ” ಎನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ, ಹಾಳೆಯಲ್ಲಿ ಇಲ್ಲದ ಮಾತೊಂದು ಬಂತು. “ಓಡಬೇಡಿ. ಇನ್ನೂ ಎರಡು ನಿಮಿಷ ಇದೆ.” ಯಾರೂ ಓಡುತ್ತಿರಲಿಲ್ಲ. ಜನ ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು.

ಹೊರಗೆ ಬಂದಾಗ ಕೇಳಿದೆ, “ಅಮ್ಮ, ಆ ಮಾತು ನಿಮ್ಮ ಕಾಗದದಲ್ಲಿ ಇರ್ಲಿಲ್ಲ ಅಲ್ವಾ?”

“ಯಾವತ್ತೂ ಇರ್ಲಿಲ್ಲ. ಕಿಟಕೀಲಿ ನೋಡ್ತಿದ್ದೆ. ದಿನಾ ಒಬ್ಬರು ಕೆಂಪು ಚೀಲ ಹಿಡ್ಕೊಂಡು ಎಂಟೂ ಇಪ್ಪತ್ತಕ್ಕೆ ಓಡೋಡಿ ಬರೋರು. ಒಂದಿನ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದು ಮುಂದಿನ ಎರಡು ಹಲ್ಲು ಮುರ್ಕೊಂಡ್ರು. ನಾನು ಒಂದ್ಮಾತು ಹೇಳಿದ್ರೆ ಬೀಳ್ತಿರ್ಲಿಲ್ವಲ್ಲ ಅಂತ ತುಂಬಾ ನೊಂದ್ಕೊಂಡೆ. ಮಾರನೇ ದಿನದಿಂದ ಹೇಳೋಕೆ ಶುರು ಮಾಡ್ದೆ. ಅವರಿಗೆ ಗೊತ್ತಾಯ್ತೋ ಇಲ್ವೋ, ಸುದ್ದಿಯೇ ಇಲ್ಲ.”

ನನ್ನ ಕೈ ತಾನಾಗಿಯೇ ಬಾಯಿಗೆ ಹೋಯಿತು. ಆಕೆ ನನ್ನ ಕೈಯನ್ನು ನೋಡಿದರು, ಆಮೇಲೆ ಹೆಗಲಿನ ಚೀಲ ನೋಡಿದರು. ಆರೇಳು ವರ್ಷದ ಹಿಂದೆ ಬದಲಾಯಿಸಿದ ಚೀಲ, ಬಣ್ಣ ಮಾತ್ರ ಅದೇ ಕೆಂಪು. ನನ್ನ ಕೈಯನ್ನು ಬಾಯಿಂದ ಇಳಿಸಿ, ಒಂದಷ್ಟು ಹೊತ್ತು ಹಿಡಿದುಕೊಂಡೇ ನಿಂತರು.

ಅಂಗಡಿಗೆ ಮರಳಿದಾಗ ಆರು ಗಂಟೆ. ಆ ಅಮ್ಮನ ಸಾಲಿನಲ್ಲಿ ‘ಕೊಟ್ಟಾಯಿತು’ ಎಂದು ಬರೆದೆ, ಯಜಮಾನರು ಬಿಸ್ಕತ್ತಿನ ವಿಷಯ ಎತ್ತಲಿಲ್ಲ. ಪಟ್ಟಿ ಇನ್ನೂರ ಹದಿನೆಂಟಕ್ಕೆ ಇಳಿಯಿತು. ಆಮೇಲೆ ಕಪಾಟಿನ ಕೆಳಸಾಲಿಗೆ ಹೋಗಿ, ಮೂರು ವರ್ಷದಿಂದ ಧೂಳು ತಿನ್ನುತ್ತಿದ್ದ ಒಂದು ಡಬ್ಬಿ ತೆಗೆದೆ. ಎರಡೇ ಎರಡು ಹಲ್ಲಿನ ಸಣ್ಣ ಸೆಟ್ಟು. ಇಷ್ಟು ವಯಸ್ಸಾದ ಮೇಲೆ ಯಾರಿಗೆ ತೋರಿಸಬೇಕು, ಹಾಕಿಕೊಂಡರೆ ಗಿರಾಕಿಗಳು ಏನೆಂದುಕೊಂಡಾರು ಎಂದು ಮುಂದೂಡುತ್ತ ಬಂದಿದ್ದೆ. ಕನ್ನಡಿ ನೋಡದೆ ಹಾಕಿಕೊಂಡು ಬಂದು ಕೂತು, ನನ್ನ ಹೆಸರಿನ ಮುಂದೆ ಬರೆಯಲು ಬೆರಳು ಎತ್ತಿದೆ.

ಯಜಮಾನರು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮುಂದೆ ತಳ್ಳಿದರು.

“ನನಗೂನಾ ಯಜಮಾನ್ರೇ?”

“ನಿನಗ್ಯಾಕೆ ಬೇರೆ ಕಾನೂನು? ಮೂರು ವರ್ಷ ಕಾದಿದೀನಿ, ಒಂದು ಬಿಸ್ಕತ್ತು ತಿನ್ನಮ್ಮ.”

ಕಡಿದೆ. ಕಟಕ್ ಎಂದಿತು. ನಗು ಬಂತು, ಎರಡೂ ಕೈ ಕೀಬೋರ್ಡಿನ ಮೇಲಿದ್ದವು, ಹಾಗೇ ನಕ್ಕೆ.